ಸೂಜಿ ತೂತಿನಿಂದ ಕಾಲು ಉಳಿಯುತ್ತಾ?

ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿಯುತ್ತಾ?
ನಿಂತರೆ ನೋವು ಹೋಗುತ್ತಾ?
ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ.
ಕಾಲಿನ ರಕ್ತನಾಳ ಕಟ್ಟಿರಬಹುದು.
ಬೀಡಿ ಸೇದೋರಲ್ಲಿ, ಶುಗರ್ ಇರೋರಲ್ಲಿ ಇದು ಜಾಸ್ತಿ.


ತೆಂಗಿನ ತೋಟದಲ್ಲಿ
ಡ್ರಿಪ್ ಪೈಪು ಕಟ್ಟಿದರೆ
ತೋಟವನ್ನೇ ಅಗೆಯುತ್ತಾರಾ?
ಇಲ್ಲ.
ಪೈಪಿನ ಬಾಯಿಂದಲೇ ಬಿಡಿಸುತ್ತಾರೆ.

ಕಾಲಿನ ರಕ್ತನಾಳಕ್ಕೂ ಹಾಗೇ.
ತೊಡೆಸಂದಿಯಲ್ಲಿ ಒಂದು ಸೂಜಿ ತೂತು.
ಎಕ್ಸ್‌ರೇ ಪರದೆ ನೋಡುತ್ತಾ
ತೆಳು ತಂತಿ ಒಳಗೆ ಹೋಗುತ್ತೆ.
ಕಟ್ಟಿದ ಜಾಗದಲ್ಲಿ
ಪುಟ್ಟ ಬಲೂನು ಉಬ್ಬುತ್ತೆ.
ರಕ್ತಕ್ಕೆ ದಾರಿಯಾಗುತ್ತೆ.

1964, ಅಮೆರಿಕ.
82 ವರ್ಷದ ಅಜ್ಜಿ.
ಕಾಲು ಕತ್ತರಿಸೋಕೆ ಒಪ್ಪಲೇ ಇಲ್ಲ!
ಡಾಕ್ಟರ್ ಚಾರ್ಲ್ಸ್ ಡಾಟರ್
ಕೊಳವೆ ತೂರಿಸಿ ನಾಳ ಅಗಲಿಸಿದರು.
ಅಜ್ಜಿಯ ಕಾಲು ಉಳಿಯಿತು.

ಎಲ್ಲರಿಗೂ ಈ ಚಿಕಿತ್ಸೆ ಹೊಂದಲ್ಲ.
ಆದರೆ ಕಾಲಿನ ಗಾಯ ಮಾಯದಿದ್ದರೆ,
ಬೆರಳು ಕಪ್ಪಾಗೋವರೆಗೂ ಕಾಯಬೇಡಿ.
ಇವತ್ತೇ ಡಾಕ್ಟರಿಗೆ ತೋರಿಸಿ,
ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನ್ ಬೇಕಾ ಅಂತ ಕೇಳಿ.