ಕಾಫಿ ತೋಟದ ಮಣ್ಣು ಮತ್ತು ಕೈಯಲ್ಲಿನ ಯಂತ್ರ

ಬಾಬಾಬುಡನ್‌ಗಿರಿಯ ಇಳಿಜಾರಿನ ಅರೇಬಿಕಾ ತೋಟವೊಂದಕ್ಕೆ ಬೇಸಿಗೆಯಲ್ಲಿ ಹೋಗಿದ್ದೆ. ಜೊತೆಗಿದ್ದ ಸ್ನೇಹಿತರ ಕೈಯಲ್ಲಿ ಪಿಸ್ತೂಲಿನಾಕಾರದ ಉಪಕರಣವೊಂದಿತ್ತು. ತರಗೆಲೆ ಸರಿಸಿದ ನೆಲಕ್ಕೆ ಅದರ ಮೂತಿಯನ್ನು ಒತ್ತಿ ಹಿಡಿದರೆ ತಾಮ್ರ, ಸತು, ಸೀಸಗಳ ಪ್ರಮಾಣ ಒಂದೆರಡು ನಿಮಿಷಗಳಲ್ಲಿ ಪರದೆಯ ಮೇಲೆ ಮೂಡುತ್ತದೆ. ಬೋರ್ಡೋ ದ್ರಾವಣ ಕಲಸುವ ತೊಟ್ಟಿಯ ಬಳಿ ತಾಮ್ರದ ಅಂಕಿ, ತೋಟದ ನಡುವೆ ಕಂಡದ್ದಕ್ಕಿಂತ ಹಲವು ಪಟ್ಟು ಏರಿತು. ಮಾಲೀಕರು ಗಾಬರಿಯಿಂದ ಕೇಳಿದರು: ‘ಹಾಗಾದ್ರೆ ನಮ್ಮ ಮಣ್ಣು ಕೆಟ್ಟುಹೋಗಿದೆಯಾ ಸಾರ್?’

ಮೈಲುತುತ್ತವನ್ನು ಖಳನಾಗಿಸುವುದು ಸುಲಭ, ಆದರೆ ಸರಿಯಲ್ಲ. ಎಲೆ ತುಕ್ಕು ರೋಗದಿಂದ ಅರೇಬಿಕಾ ಗಿಡಗಳನ್ನು ಉಳಿಸಿಕೊಂಡು ಬಂದದ್ದೇ ಅದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವೂ ಈ ರೋಗದೊಡನೆ ದಶಕಗಳಿಂದ ಸೆಣಸಿದೆ. ಶೇ 0.5ರ ದ್ರಾವಣಕ್ಕೆ 200 ಲೀಟರಿನ ಬ್ಯಾರೆಲ್‌ಗೆ ಒಂದು ಕಿಲೊ ಮೈಲುತುತ್ತ ಬೇಕು. ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ಈ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಎಲೆಯಿಂದ ತೊಳೆದಿಳಿದು, ಸಾವಯವ ಅಂಶಕ್ಕೆ ಅಂಟಿಕೊಂಡು ಬಹುಪಾಲು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ಮಿತಿಮೀರಿದರೆ ಎರೆಹುಳುಗಳಿಗೂ ಉಪಕಾರಿ ಶಿಲೀಂಧ್ರಗಳಿಗೂ ಮಾರಕ.

ಆದರೂ ಯಂತ್ರದ ಅಂಕಿಯೇ ತೀರ್ಪಲ್ಲ. ಅದು ಎಕ್ಸ್‌–ಕಿರಣ ಹಾಯಿಸಿ, ಪ್ರತಿ ಧಾತುವೂ ಹಿಂದಿರುಗಿಸುವ ವಿಶಿಷ್ಟ ಕಿರಣವನ್ನು ಗುರುತಿಸುತ್ತದೆ. ಮಣ್ಣಿನಲ್ಲಿರುವ ಒಟ್ಟು ತಾಮ್ರವನ್ನು ಹೇಳಬಲ್ಲದೇ ಹೊರತು ಬೇರಿಗೆ ದಕ್ಕುವುದೆಷ್ಟು ಎಂಬುದನ್ನಲ್ಲ. ಮಣ್ಣು ಹುಳಿಯಾದಷ್ಟೂ ತಾಮ್ರ ಹೆಚ್ಚು ಕರಗುತ್ತದೆ. ಸುಣ್ಣ ಹಾಕಿದ ತೋಟದಲ್ಲಿ ಅಷ್ಟೇ ತಾಮ್ರ ನಿರುಪದ್ರವಿಯಾಗಿರಬಹುದು. ಯಂತ್ರ ಓದುವುದು ಮೇಲಿನ ಕೆಲವೇ ಮಿಲಿಮೀಟರ್‌ ಪದರವನ್ನು. ಮಲೆನಾಡಿನ ಮಳೆಗಾಲದ ಒದ್ದೆ ಮಣ್ಣಿನಲ್ಲಿ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೀಟನಾಶಕಗಳ ಶೇಷ ಅದಕ್ಕೆ ಕಾಣುವುದೇ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್‌ ನಿಷೇಧಿಸಿದ ಎಂಡೋಸಲ್ಫಾನ್‌ನಂತಹ ವಿಷಕ್ಕೆ ಪ್ರಯೋಗಾಲಯವೇ ಗತಿ. ‘ಯಂತ್ರ ಏನೂ ತೋರಿಸಲಿಲ್ಲ’ ಎಂಬುದು ಮಣ್ಣು ಶುದ್ಧವೆಂಬುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ಲಕ್ಷಾಂತರ ರೂಪಾಯಿಯ ಈ ಉಪಕರಣದಿಂದ ಏನು ಪ್ರಯೋಜನ? 2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ತಾಮ್ರವೂ ಒಂದು. ಆದರೆ ಅಲ್ಲಿ ತಾಮ್ರ ಒಂದು ಪೋಷಕಾಂಶ. ಕೊರತೆ ಇದೆಯೇ ಎಂಬುದೇ ಅದರ ಮುಖ್ಯ ಪ್ರಶ್ನೆ. ಹಲವೆಡೆಯ ಮಣ್ಣನ್ನು ಬೆರೆಸಿ ಒಂದೇ ಮಾದರಿ ಮಾಡುವುದರಿಂದ ತೊಟ್ಟಿಯ ಪಕ್ಕದ ವಿಷ ಸರಾಸರಿಯಲ್ಲಿ ಮರೆಯಾಗುತ್ತದೆ. ಯಂತ್ರವಾದರೋ ಒಂದೇ ಹಗಲಿನಲ್ಲಿ ಹತ್ತಾರು ಜಾಗಗಳನ್ನು ಬಿಡಿಬಿಡಿಯಾಗಿ ಓದಿ, ಪ್ರಯೋಗಾಲಯಕ್ಕೆ ಯಾವ ಮಣ್ಣನ್ನು ಕಳುಹಿಸಬೇಕೆಂದು ತೋರಿಸುತ್ತದೆ. ಸಣ್ಣ ಬೆಳೆಗಾರರು ಇದನ್ನು ಕೊಳ್ಳಲಾರರು. ಕಾಫಿ ಮಂಡಳಿಯೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವೋ ಒಂದನ್ನು ಇಟ್ಟುಕೊಂಡು, ಬೇಸಿಗೆಯಲ್ಲಿ ಸರದಿಯಂತೆ ತೋಟಗಳಿಗೆ ಒಯ್ಯುವುದು ಅಸಾಧ್ಯವೇನಲ್ಲ.

ಅಂದು ಮಾಲೀಕರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ತೊಟ್ಟಿಯಿಂದ ಇಳಿಜಾರಿನಗುಂಟ ಯಂತ್ರ ಹಿಡಿದು ಸಾಗಿದಾಗ, ಏರಿದ ಅಂಕಿಗಳು ಲೈನು ಮನೆಗಳ ಹಿಂದಿನ ಸೊಪ್ಪಿನ ಮಡಿಯವರೆಗೂ ಮುಂದುವರಿದವು. ಅದರಾಚೆಗೆ ಹಳ್ಳ. ಮಡಿಯ ಮಣ್ಣನ್ನು ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕಳುಹಿಸಿದೆವು. ವರದಿಗಾಗಿ ಕಾಯದೆ, ಮುಂಗಾರಿನ ಮೊದಲ ಸಿಂಪಡಣೆಗೆ ಮುನ್ನವೇ ತೊಟ್ಟಿಯನ್ನು ಬೇರೆಡೆ ಕಟ್ಟಿಸುವುದಾಗಿ ಮಾಲೀಕರು ಹೇಳಿದರು.