ಗೃಹಬಳಕೆಯ ಯು.ಪಿ.ಎಸ್.ಗೆ ಬದಲಿ ಬ್ಯಾಟರಿಯ ಆಯ್ಕೆ: ಗ್ರಾಹಕರ ಮಾಹಿತಿಗಾಗಿ

ಮನೆಯ ಯು.ಪಿ.ಎಸ್. ಮೊದಲಿನಷ್ಟು ಹೊತ್ತು ವಿದ್ಯುತ್ ಒದಗಿಸದಿದ್ದಾಗ ಅನೇಕ ಗ್ರಾಹಕರು ಅಂಗಡಿಗೆ ತೆರಳಿ "150 ಎ.ಎಚ್. ಬ್ಯಾಟರಿ" ಎಂದಷ್ಟೇ ಕೇಳಿ ಖರೀದಿಸುವುದು ವಾಡಿಕೆಯಾಗಿದೆ. ಆದರೆ ಈ ಒಂದು ಸಂಖ್ಯೆಯಿಂದ ಬ್ಯಾಟರಿಯು ಎಷ್ಟು ಗಂಟೆ ಕೆಲಸ ಮಾಡುವುದೆಂಬುದು ತಿಳಿಯುವುದಿಲ್ಲ. ಹತ್ತು ಸಾವಿರ ರೂಪಾಯಿಗೂ ಮಿಗಿಲಾದ ವೆಚ್ಚ ಮಾಡುವ ಮುನ್ನ ಈ ಕೆಳಕಂಡ ವಿಷಯಗಳನ್ನು ಗಮನಿಸುವುದು ಅವಶ್ಯಕ.

ಮೊದಲಿಗೆ, ಹಳೆಯ ಬ್ಯಾಟರಿಯು ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಟರ್ಮಿನಲ್ ಸಡಿಲವಾಗಿರುವುದು, ಅದರ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುವುದು, ನೀರಿನ ಮಟ್ಟ ಕಡಿಮೆಯಾಗಿರುವುದು ಇವೂ ಕಾರಣಗಳಾಗಿರಬಹುದು. ನೀರು ಕಡಿಮೆಯಾಗಿದ್ದಲ್ಲಿ ಭಟ್ಟಿ ಇಳಿಸಿದ ನೀರನ್ನು ಮಾತ್ರ ಸೇರಿಸಬೇಕು. ಕೊಳವೆಬಾವಿಯ ನೀರನ್ನಾಗಲೀ ಆಮ್ಲವನ್ನಾಗಲೀ ಹಾಕಬಾರದು. ಬಳಿಕ ಪೂರ್ಣವಾಗಿ ಚಾರ್ಜ್ ಮಾಡಿ, ತಂತ್ರಜ್ಞರಿಂದ ಆರು ಕೋಶಗಳನ್ನೂ ಹೈಡ್ರೊಮೀಟರಿನಿಂದ ಪರೀಕ್ಷಿಸಬೇಕು. ಐದು ಕೋಶಗಳು 1.240ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 1.150 ತೋರಿಸಿದರೆ ಆ ಕೋಶ ಕೆಟ್ಟಿದೆ ಎಂದು ತಿಳಿಯಬಹುದು. ಅಂತಹ ಬ್ಯಾಟರಿಗೆ ಹಣ ಕೊಟ್ಟು "ರಿಪೇರಿ" ಮಾಡಿಸುವುದು ಸಾಮಾನ್ಯವಾಗಿ ವ್ಯರ್ಥ.

ಎರಡನೆಯದಾಗಿ, ಸಾಮರ್ಥ್ಯದ ಲೆಕ್ಕ. ಬ್ಯಾಟರಿಯ ಮೇಲೆ ಎ.ಎಚ್. ಸಂಖ್ಯೆಯ ಜೊತೆಗೆ ಸಿ-10 ಅಥವಾ ಸಿ-20 ಎಂದು ಮುದ್ರಿತವಾಗಿರುತ್ತದೆ. 150 ಎ.ಎಚ್. ಸಿ-20 ಎಂದರೆ 20 ಗಂಟೆಗಳ ಕಾಲ 7.5 ಆಂಪಿಯರ್ ಒದಗಿಸಬಲ್ಲದು ಎಂದರ್ಥ. 150 ಎ.ಎಚ್. ಸಿ-10 ಎಂದರೆ 10 ಗಂಟೆಗಳ ಕಾಲ 15 ಆಂಪಿಯರ್. ಹೆಚ್ಚಿನ ವೇಗದಲ್ಲಿ ವಿದ್ಯುತ್ ಸೆಳೆದಷ್ಟೂ ಸೀಸ-ಆಮ್ಲ ಬ್ಯಾಟರಿಯಿಂದ ದೊರೆಯುವ ಒಟ್ಟು ಪ್ರಮಾಣ ಕುಗ್ಗುವುದರಿಂದ, ಸಂಖ್ಯೆ ಒಂದೇ ಆದರೂ ಇವೆರಡೂ ಒಂದೇ ಅಲ್ಲ. ಸಿ-10 ಬ್ಯಾಟರಿಯು ಹೆಚ್ಚು ಬಲವುಳ್ಳದ್ದು. ಅಂಗಡಿಯವರು ಬೆಲೆಗಳನ್ನು ಹೋಲಿಸಿ ತೋರಿಸುವಾಗ ಈ ವ್ಯತ್ಯಾಸವನ್ನು ಹೇಳದೇ ಇರುವುದುಂಟು.

ಉದಾಹರಣೆಗೆ, 75 ವ್ಯಾಟಿನ ಎರಡು ಫ್ಯಾನ್, 9 ವ್ಯಾಟಿನ ಐದು ಎಲ್.ಇ.ಡಿ. ದೀಪ ಹಾಗೂ 10 ವ್ಯಾಟಿನ ಒಂದು ವೈ-ಫೈ ಸಾಧನ ಸೇರಿ 205 ವ್ಯಾಟ್ ಆಗುತ್ತದೆ. ಇನ್ವರ್ಟರಿನಲ್ಲಿ ಆಗುವ ನಷ್ಟವೂ ಸೇರಿ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 21 ಆಂಪಿಯರ್ ಹೊರಡುತ್ತದೆ. 150 ಎ.ಎಚ್. ಸಿ-20 ಬ್ಯಾಟರಿ ಹೊಸದಿದ್ದಾಗ ಸುಮಾರು ಐದು ಗಂಟೆ ಬರಬಹುದು. ಮನೆಯಲ್ಲಿ ರೋಗಿಗಾಗಿ 400 ವ್ಯಾಟಿನ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇದ್ದಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. 12ನ್ನು 150ರಿಂದ ಗುಣಿಸಿ 400ರಿಂದ ಭಾಗಿಸಿದರೆ ನಾಲ್ಕೂವರೆ ಗಂಟೆ ಎಂದು ಕಾಗದದ ಮೇಲೆ ಬರುತ್ತದೆ; ವಾಸ್ತವದಲ್ಲಿ ಎರಡೂವರೆ ಗಂಟೆ ದೊರೆತರೆ ಹೆಚ್ಚು. ಬ್ಯಾಟರಿ ಹಳೆಯದಾದಂತೆ ಅದೂ ಇಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವ ಮಲೆನಾಡಿನಂತಹ ಪ್ರದೇಶಗಳಲ್ಲಿ ಇಂತಹ ಕುಟುಂಬಗಳು ಕಾಗದದ ಲೆಕ್ಕವನ್ನು ನಂಬದೆ, ತುಂಬಿದ ಆಕ್ಸಿಜನ್ ಸಿಲಿಂಡರನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಅವಶ್ಯಕ.

ಹಾಗೆಂದು ದೊಡ್ಡ ಬ್ಯಾಟರಿ ಕೊಂಡರೆ ಸಾಕೆಂದು ತಿಳಿಯಬಾರದು. ಸೀಸ-ಆಮ್ಲ ಬ್ಯಾಟರಿಗೆ ಅದರ ಎ.ಎಚ್. ಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗದಷ್ಟು ಚಾರ್ಜಿಂಗ್ ವಿದ್ಯುತ್ ಬೇಕು. 10 ಆಂಪಿಯರ್ ಒದಗಿಸುವ ಹಳೆಯ ಯು.ಪಿ.ಎಸ್.ಗೆ 200 ಎ.ಎಚ್. ಬ್ಯಾಟರಿ ಜೋಡಿಸಿದರೆ, ಪದೇ ಪದೇ ವಿದ್ಯುತ್ ಹೋಗುವ ದಿನಗಳಲ್ಲಿ ಅದು ಪೂರ್ಣ ತುಂಬುವುದೇ ಇಲ್ಲ. ಅರೆತುಂಬಿದ ಸ್ಥಿತಿಯಲ್ಲಿಯೇ ಉಳಿದ ಬ್ಯಾಟರಿ ಬೇಗನೆ ಹಾಳಾಗುತ್ತದೆ.

ದೀರ್ಘಾವಧಿಯ ವಿದ್ಯುತ್ ಕಡಿತವಿರುವಲ್ಲಿ ಟ್ಯೂಬುಲರ್ ಬ್ಯಾಟರಿ ಸೂಕ್ತ. ಚಪ್ಪಟೆ ಫಲಕದ ಬ್ಯಾಟರಿ ಅಗ್ಗವಾದರೂ ಆಳವಾಗಿ ಬರಿದಾಗುವುದನ್ನು ಅಷ್ಟು ತಾಳುವುದಿಲ್ಲ. ಯು.ಪಿ.ಎಸ್.ನ ಹಿಂಬದಿಯಲ್ಲಿ ಬ್ಯಾಟರಿಯ ವಿಧ ಸೂಚಿಸುವ ಸ್ವಿಚ್ ಇದ್ದಲ್ಲಿ ಅದನ್ನು ಹೊಸ ಬ್ಯಾಟರಿಗೆ ತಕ್ಕಂತೆ ಬದಲಿಸಬೇಕು. ಲಿಥಿಯಂ ಬ್ಯಾಟರಿಯು ಹಗುರವಾಗಿದ್ದು ಹೆಚ್ಚು ಬಾಳಿಕೆ ಬರುವುದಾದರೂ, ಅದಕ್ಕೆ ಹೊಂದುವ ಚಾರ್ಜರ್ ಇಲ್ಲದ ಯು.ಪಿ.ಎಸ್.ಗೆ ಜೋಡಿಸತಕ್ಕದ್ದಲ್ಲ. 24 ವೋಲ್ಟಿನ ವ್ಯವಸ್ಥೆಯಲ್ಲಿ ಎರಡು ಬ್ಯಾಟರಿಗಳಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹಳೆಯದು, ಒಂದು ಹೊಸದು ಸೇರಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಖರೀದಿಸುವಾಗ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಕೇಳಿ ತಿಳಿಯಬೇಕು. ಅಂಗಡಿಯಲ್ಲಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಉಳಿದ ಬ್ಯಾಟರಿ ಬಳಸುವ ಮುನ್ನವೇ ಸೊರಗಿರುತ್ತದೆ. "48+24 ತಿಂಗಳು" ಎಂಬ ವಾರಂಟಿಯಲ್ಲಿ ಸಾಮಾನ್ಯವಾಗಿ ಮೊದಲ 48 ತಿಂಗಳು ಮಾತ್ರ ಉಚಿತ ಬದಲಾವಣೆ. ಉಳಿದ 24 ತಿಂಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿಯಷ್ಟೇ. ಕ್ರಮಸಂಖ್ಯೆ ನಮೂದಿಸಿದ ಜಿ.ಎಸ್.ಟಿ. ಬಿಲ್ಲನ್ನೂ ಮೊಹರು ಹಾಕಿದ ವಾರಂಟಿ ಚೀಟಿಯನ್ನೂ ಪಡೆಯದೆ ಹಣ ಪಾವತಿಸಬಾರದು.

ಹಳೆಯ ಬ್ಯಾಟರಿಯಲ್ಲಿ ಸೀಸದ ಪಾಲು ದೊಡ್ಡದಿರುವುದರಿಂದ ಅದಕ್ಕೆ ಬೆಲೆಯಿದೆ. ವಿನಿಮಯದ ಮೊತ್ತವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೇ ಒಪ್ಪಿಸುವುದು ಗ್ರಾಹಕರ ಹೊಣೆ. ಬೀದಿ ಬದಿಯಲ್ಲಿ ಒಡೆದು ಸೀಸ ಕರಗಿಸಿದರೆ ಅದರ ಹೊಗೆ ಹಾಗೂ ಧೂಳು ವಿಶೇಷವಾಗಿ ಮಕ್ಕಳ ಮಿದುಳಿಗೆ ಹಾನಿಕರ.

ವಾರಂಟಿ ಅವಧಿಯಲ್ಲಿ ಬದಲಾವಣೆ ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ ರೂ. 5 ಲಕ್ಷ ಮೀರದಿದ್ದರೆ ದೂರಿಗೆ ಶುಲ್ಕವಿರುವುದಿಲ್ಲ. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗಾಗಿ ಸಲ್ಲಿಸತಕ್ಕದ್ದು.