ಕೆರಿಯರ್ಸ್ ಪುಟ ನೋಡಿದಿರಿ, ಒಳಮನೆ ನೋಡಿದಿರಾ?

ದೊಡ್ಡ ಕಂಪನಿಗಳ ವೆಬ್‌ಸೈಟಿನಲ್ಲಿ 'ಕೆರಿಯರ್ಸ್' ಎಂಬ ಪುಟ ಇರುತ್ತದೆ. ಖಾಲಿ ಹುದ್ದೆಗಳ ಪಟ್ಟಿ, ನಗುಮುಖದ ಫೋಟೊಗಳು, ನೌಕರರ ಮೆಚ್ಚುಗೆಯ ಮಾತು ಎಲ್ಲ ಅಲ್ಲೇ. ಇದಕ್ಕೆ ಎಂಪ್ಲಾಯರ್ ಬ್ರ್ಯಾಂಡಿಂಗ್ ಅನ್ನುತ್ತಾರೆ. ಅಂದರೆ ಕೆಲಸದ ಜಾಗವನ್ನು ಚೆಂದಗಾಣಿಸಿ ತೋರಿಸುವುದು. ಹೆಣ್ಣು ನೋಡಲು ಬರುವವರಿಗಾಗಿ ಪಡಸಾಲೆ ಒಪ್ಪ ಮಾಡಿದ ಹಾಗೆ. ತಪ್ಪೇನಿಲ್ಲ. ಆದರೆ ಒಳಮನೆಯನ್ನೂ ನೋಡಬೇಕಲ್ಲ?

ಅದಕ್ಕೆ ಅದೇ ವೆಬ್‌ಸೈಟಿನ 'ಇನ್ವೆಸ್ಟರ್ಸ್' ವಿಭಾಗಕ್ಕೆ ಹೋಗಿ. ಷೇರುದಾರರಿಗಾಗಿ ಮಾಡಿದ ಪುಟ ಅದು. ಅಲ್ಲಿ ವಾರ್ಷಿಕ ವರದಿ ಸಿಗುತ್ತದೆ. ಅದರಲ್ಲಿ ಬಿಆರ್‌ಎಸ್‌ಆರ್ ಎಂಬ ಭಾಗ ಹುಡುಕಿ. ಕಂಪನಿ ತನ್ನ ನೌಕರರನ್ನೂ ಪರಿಸರವನ್ನೂ ಹೇಗೆ ನೋಡಿಕೊಳ್ಳುತ್ತದೆ ಎಂಬ ಲೆಕ್ಕ ಅದು. ಷೇರುಪೇಟೆಯ 1,000 ದೊಡ್ಡ ಕಂಪನಿಗಳಿಗೆ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದನ್ನು 2022-23ರಿಂದ ಕಡ್ಡಾಯ ಮಾಡಿದೆ. ನಮೂನೆ ಎಲ್ಲರಿಗೂ ಒಂದೇ. ಹಾಗಾಗಿ ಎರಡು ಕಂಪನಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಮೊದಲು 'ಟರ್ನೋವರ್ ರೇಟ್' ನೋಡಿ. ಟರ್ನೋವರ್ ಅಂದರೆ ವಹಿವಾಟಿನ ಮೊತ್ತವಲ್ಲವೇ ಎನ್ನುತ್ತೀರಿ. ಇಲ್ಲಿ ಹಾಗಲ್ಲ, ನೂರಕ್ಕೆ ಎಷ್ಟು ಮಂದಿ ಕೆಲಸ ಬಿಟ್ಟರು ಎಂದರ್ಥ. 3 ವರ್ಷಗಳ ಲೆಕ್ಕ, ಗಂಡಸರದು ಹೆಂಗಸರದು ಬೇರೆಬೇರೆ. ಹೆಂಗಸರ ಅಂಕಿ ತುಂಬ ಜಾಸ್ತಿಯಿದ್ದರೆ ಕಾರಣ ಕೇಳಲೇಬೇಕು. ಹೆರಿಗೆ ರಜೆ ಮುಗಿಸಿ ಎಷ್ಟು ಮಂದಿ ಮರಳಿದರು ಎಂಬುದೂ ಅಲ್ಲೇ ಇದೆ. ಲೈಂಗಿಕ ಕಿರುಕುಳದ ದೂರುಗಳ ಸಂಖ್ಯೆಯೂ ಇದೆ. ಅದು ಸೊನ್ನೆ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಸಾವಿರಾರು ಹೆಂಗಸರು ದುಡಿಯುವ ಕಡೆ ಒಂದೂ ದೂರಿಲ್ಲವೆಂದರೆ, ಹೇಳಲು ಹೆದರುತ್ತಾರೇನೋ ಎಂದು ನನಗೆ ಅನಿಸುತ್ತದೆ.

ಷೇರುಪೇಟೆಯಲ್ಲಿಲ್ಲದ ಸಣ್ಣ ಕಂಪನಿಯಾದರೆ? ಮುಖಪುಟದಲ್ಲಿ ಸಿಐಎನ್, ಅಂದರೆ 21 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ, ಇರಬೇಕೆಂದು ನಿಯಮವಿದೆ. ಇನ್ಫೊಸಿಸ್‌ನ ಸಂಖ್ಯೆಯಲ್ಲಿ 'ಕೆಎ' ಆದ ಮೇಲೆ 1981 ಬರುತ್ತದೆ. ಕೆಎ ಎಂದರೆ ಕರ್ನಾಟಕ, 1981 ಕಂಪನಿ ನೋಂದಣಿಯಾದ ವರ್ಷ. ಇಪ್ಪತ್ತು ವರ್ಷದ ಅನುಭವ ಎಂದು ಬರೆದುಕೊಂಡ ಕಂಪನಿಯ ಸಂಖ್ಯೆಯಲ್ಲಿ ಮೊನ್ನೆಮೊನ್ನೆಯ ಇಸವಿ ಇದ್ದರೆ ವಿಚಾರಿಸಿ. ಈ ಸಂಖ್ಯೆಯನ್ನು ಎಂಸಿಎ, ಅಂದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ಹಾಕಿ ತಾಳೆ ನೋಡಿ.

ಇಷ್ಟಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ, ಒಂದು ಸಂಜೆ ಸಾಕು. ಅರ್ಜಿಗೆ, ಇಂಟರ್‌ವ್ಯೂಗೆ, ಲ್ಯಾಪ್‌ಟಾಪಿಗೆ ಎಂದು ಯಾರಾದರೂ ದುಡ್ಡು ಕೇಳಿದರೆ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.